ತವರು ಹೊರಟ ಶ್ರಾವಣ

ನಾವು ಮನೆಯನ್ನೇ ಗಂಟು ಕಟ್ಟಿಕೊಂಡು ಇಂಡಿಯಾ ದೇಶಕ್ಕೆ ಹೋದೆವು. ಒಂದು ತಿಂಗಳು ಕಳೆಯುವುದರೊಳಗೆ ಇಂಡಿಯಾ ದೇಶವೇ ನಾವು ಬಿಟ್ಟು ಬಂದ ಮನೆಯ ಬಾಗಿಲಿಗೆ ಬಂತು. ಈ ಮಾತು ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ. ಒಂದು ತಿಂಗಳು ಸುಮ್ಮನೆ ಕೂತಿದ್ದರೆ ಆಗುತ್ತಿತ್ತಲ್ಲ ಎನ್ನುತ್ತಾರೆ. ನನ್ನ ಮೊಮ್ಮಕ್ಕಳೂ ಹಾಗೇ ಅನ್ನುತ್ತವೆ. ನನಗೆ ಸಿಟ್ಟು ಬರುತ್ತದೆ. ಲೋಕದಲ್ಲಿ ತಿಂಗಳು ಕಾಯುವ ಕೆಲಸ ಯಾವುದು, ಕಾಯದ ಕೆಲಸ ಯಾವುದು ಎಂದು ಹಡೆದವರನ್ನು ಕೇಳಬೇಕು. ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನಾನು ಮಕ್ಕಳಿಗೆ ಇತಿಹಾಸದ ಪಾಠ ಹೇಳುವಾಗ ಮಾತ್ರ ಈ ಕಥೆ ಹೇಳಲಿಲ್ಲ. ಪುಸ್ತಕದಲ್ಲಿ ಆ ವರ್ಷದ ದೊಡ್ಡವರ ಹೆಸರುಗಳಿದ್ದವು. ನಮ್ಮವ್ವ ಮಾಡಿದ ಬಂದೋಬಸ್ತಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಮ್ಮದು ಶಹಾಪುರ ತಾಲ್ಲೂಕಿನಲ್ಲಿ ಸಗರದ ಹತ್ತಿರದ ಹಳ್ಳಿ. ನಾಲ್ಕು ಎಕರೆ ಎರೆ ಹೊಲ, ಎಂಬತ್ತು ಕುರಿ, ಹತ್ತು ಆಡು, ಒಂದು ತಟ್ಟು ಕುದುರೆ. ಹೈದರಾಬಾದಿನ ನವಾಬನ ಸೀಮೆ ಅದು. ಹಿರಿಯರು ಮೊಗಲಾಯಿ ಅನ್ನುತ್ತಿದ್ದರು. ಸುರಪುರ ದಾಟಿ ಪಶ್ಚಿಮಕ್ಕೆ ನಡೆದರೆ, ಕುರಿಯ ನಡಿಗೆಯಲ್ಲಿ ಐದು ದಿನಕ್ಕೆ ಒಂದು ಹಳ್ಳ ಸಿಗುತ್ತಿತ್ತು. ಹಳ್ಳದಾಚೆ ತಾಳಿಕೋಟಿ ಕಡೆಯ ಸೀಮೆ, ಬಿಜಾಪುರ ಜಿಲ್ಲೆ. ಇಂಗ್ರೇಜಿಯವರು ಇರುವವರೆಗೆ ಅದು ಇಂಗ್ರೇಜಿ ಸೀಮೆ. ಅವರು ಹೋದ ಮೇಲೆ ಅದು ಇಂಡಿಯಾ ಆಯಿತು, ನಮ್ಮದು ಮಾತ್ರ ನವಾಬನದೇ ಆಗಿ ಉಳಿಯಿತು. ನಮ್ಮ ಅಕ್ಕನನ್ನು ಅದಕ್ಕೂ ಒಂದು ವರ್ಷ ಮೊದಲೇ ಹಳ್ಳದಾಚೆಯ ಊರಿಗೆ ಕೊಟ್ಟಿದ್ದರು. ಹೆಣ್ಣು ಕೊಡುವಾಗ ಅಪ್ಪ ಬೀಗರ ಕುಲ ನೋಡಿದ, ಕುರಿ ನೋಡಿದ, ಬಾವಿಯ ನೀರು ಕುಡಿದು ನೋಡಿದ. ದೇಶವನ್ನೂ ನೋಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇಂಗ್ರೇಜಿಯವರು ಹೋದ ಮರುವರ್ಷದ ಆಷಾಢದಲ್ಲಿ ಕಂಬಳಿ ಸಾಹುಕಾರ ಮನೆಗೆ ಬಂದ. ನಾವು ನೇಯ್ದ ಕಂಬಳಿಗಳನ್ನು ಕೊಂಡು ಆಚೆ ಸಂತೆಗಳಲ್ಲಿ ಮಾರುತ್ತಿದ್ದ ಮನುಷ್ಯ. ಅಕ್ಕನ ಊರಿನ ಮೇಲೆ ಬಂದಿದ್ದ. ಅವ್ವ ಕೊಟ್ಟ ಮಜ್ಜಿಗೆ ಕುಡಿದು, ಕಂಬಳಿ ನೋಡುವುದನ್ನು ಬಿಟ್ಟು ಅವಳತ್ತ ತಿರುಗಿದ.

"ನಿಮ್ಮ ಮಗಳಿಗಿ ಏಳು ತುಂಬ್ಯಾವವ್ವ," ಅಂದ. "ಚೊಲೊ ಅದಾಳ. ಆದ್ರ ಒಂದ್ ಮಾತು ಹೇಳ್ಯಾಳ. ತವರು ಬ್ಯಾರೆ ದೇಶ ಆತು, ನಂದು ಇಲ್ಲೇ ಹ್ಯಾಂಗರ ಆಗ್ತದ, ಅವ್ವಗ ಚಿಂತಿ ಮಾಡಬ್ಯಾಡ ಅನ್ರಿ ಅಂತ."

ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಇದು ನಮ್ಮಲ್ಲಿ ಯಾರೂ ಬರೆದಿಟ್ಟ ಕಾಯಿದೆ ಅಲ್ಲ, ಆದರೆ ನವಾಬನ ಎಲ್ಲ ಕಾಯಿದೆಗಿಂತ ಗಟ್ಟಿ. ಮಗಳನ್ನು ಕರೆತಂದು, ನೀರು ಹಾಕಿ, ಕೆಂಡದ ಕಾವು ಕೊಟ್ಟು, ಐದು ತಿಂಗಳು ಸಾಕಿ ಕಳಿಸದ ತಾಯಿ ತಾಯಿಯೇ ಅಲ್ಲ. ಆದರೆ ಅಕ್ಕನನ್ನು ಕರೆತರುವುದು ಹೇಗೆ? ಗಡಿಯಲ್ಲಿ ಗಾಡಿಗಳನ್ನು ತಡೆಯುತ್ತಿದ್ದರು. ದಾರಿಯಲ್ಲಿ ಸುಲಿಗೆ, ಬೆಂಕಿಯ ಸುದ್ದಿ ಇತ್ತು. ತುಂಬಿದ ಬಸುರಿಯನ್ನು ಆ ದಾರಿಗೆ ಕಳಿಸಲು ಬೀಗರು ಒಪ್ಪುವ ಹಾಗಿರಲಿಲ್ಲ. ಒಪ್ಪಿದ್ದರೆ ಅವರನ್ನು ಮನುಷ್ಯರೆನ್ನಲು ಬರುತ್ತಿರಲಿಲ್ಲ.

"ಇಲ್ಲಿಂದ ಆಕಡಿ ಹೋಗೋರು ಅದಾರ," ಅಂದ ಅಪ್ಪ. "ಈ ಸಾಹುಕಾರನ ಬಿಟ್ರ ಆಕಡಿಂದ ಈಕಡಿ ಬರೋರು ಒಬ್ಬರೂ ಇಲ್ಲ. ಏನ್ ಮಾಡಾಕ ಬರ್ತದ?"

ಮುಂದಿನ ಎರಡು ದಿನ ಅವ್ವ ತಟ್ಟಿದ ರೊಟ್ಟಿ ಒಂದೂ ದುಂಡಗಾಗಲಿಲ್ಲ. ಮೂರನೆಯ ದಿನ ಅಪ್ಪ ಉಣ್ಣಲು ಕೂತಾಗ, ತಟ್ಟೆಗೆ ಪುಂಡಿಪಲ್ಲೆ ಹಾಕುತ್ತ, ನಾಳೆ ಸಂತೆಗೆ ಹೋಗಬೇಕು ಎನ್ನುವಷ್ಟು ಸಲೀಸಾಗಿ ಅಂದಳು:

"ಮಗಳು ತವರಿಗಿ ಬರಾಕ ಆಗಂಗಿಲ್ಲಂದ್ರ ತವರೇ ಮಗಳತ್ತ ಹೋಗಬೇಕು. ಮನಿ ಗಂಟು ಕಟ್ರಿ."

ಅಪ್ಪ ತುತ್ತು ಕೈಯಲ್ಲೇ ಹಿಡಿದು ಅವಳ ಮುಖ ನೋಡಿದ. ಮೂಲೆಯಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದ ಆಯಿ, ಅಂದರೆ ಅಪ್ಪನ ತಾಯಿ, ಕೈ ನಿಲ್ಲಿಸಲೇ ಇಲ್ಲ. "ಅಕಿ ಹೇಳೂದು ಖರೆ ಅದ," ಅಂದಳು. ಅತ್ತೆ ಸೊಸೆ ಒಂದೇ ಮಾತಿಗೆ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಪ್ಪನೂ ಅದೇ ಮೊದಲು ನೋಡಿರಬೇಕು, ಏಕೆಂದರೆ ವಾದ ಮಾಡದೆ ತುತ್ತು ನುಂಗಿದ.

ನಾನು ಆಗ ಹನ್ನೊಂದು ವರ್ಷದ ಹುಡುಗಿ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನನ್ನ ತಲೆ ಬಾಚಿದವಳು, ನನಗೆ ಹೊಡೆದವಳು, ನನ್ನ ಪರವಾಗಿ ಬೇರೆಯವರಿಗೆ ಹೊಡೆದವಳು. ಅವಳನ್ನು ನೋಡಿ ಎರಡು ವರ್ಷವಾಗಿತ್ತು. ಅವಳನ್ನು ನೋಡುತ್ತೇನೆ, ಅದೂ ಬೇರೆ ದೇಶಕ್ಕೆ ಹೋಗಿ ನೋಡುತ್ತೇನೆ ಎಂಬ ಎರಡು ಸಂತೋಷಗಳು ಒಟ್ಟಿಗೆ ಬಂದು ನನಗೆ ಅಂದು ಊಟವೇ ಸೇರಲಿಲ್ಲ. ಕಷ್ಟವೆಂದರೆ ಯಾರಿಗೂ ಹೇಳುವಂತಿರಲಿಲ್ಲ. ಊರು ಬಿಟ್ಟು ಹೋಗುವವರ ಸುದ್ದಿ ಹಬ್ಬಿದರೆ ಹೊಲ ಮನೆ ಯಾರ ಕೈಗೆ ಬೀಳುತ್ತವೋ, ಯಾರು ಹೋಗಿ ಯಾವ ಸಾಹೇಬರ ಕಿವಿಗೆ ಹಾಕುತ್ತಾರೋ ಎಂಬ ಭಯ. "ಬಾಯಿ ಬಿಟ್ಟಿ ಅಂದ್ರ ನಿನ್ನ ಇಲ್ಲೇ ಬಿಟ್ಟು ಹೋಗ್ತೀನಿ," ಎಂದು ಅವ್ವ ಹೆದರಿಸಿದ್ದಳು. ನಾನು ಮೂರು ದಿನ ತಡೆದೆ. ನಾಲ್ಕನೆಯ ದಿನ ಹಟ್ಟಿಗೆ ಹೋಗಿ, ಕಿವಿ ಮಂದವಾಗಿದ್ದ ಒಂದು ಮುದಿ ಕುರಿಯ ಕೊರಳು ತಬ್ಬಿಕೊಂಡು ಎಲ್ಲ ಹೇಳಿಬಿಟ್ಟೆ. ಅದು ಮೆಲುಕು ಹಾಕುತ್ತಾ ಕೇಳಿಸಿಕೊಂಡಿತು. ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಹೋಗುವ ಉಪಾಯ ಅಪ್ಪನದು. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರಿನಲ್ಲಿ ನಿಂತರೆ ಕುರಿಯ ಗೊರಸು ಕೊಳೆಯುತ್ತದೆ. ಹಾಗಾಗಿ ಕುರುಬರು ಹಿಂಡು ಹೊಡೆದುಕೊಂಡು ಕಲ್ಲುಮಡ್ಡಿಯ ಸೀಮೆಗೆ ಹೋಗುವುದು ಹೊಸದಲ್ಲ. ಗಡಿಯ ನಾಕಾದವರಿಗೂ ಅದು ಗೊತ್ತು. ಮನೆ ಬಿಟ್ಟು ಹೋಗುವ ಸಂಸಾರವನ್ನು ತಡೆಯುತ್ತಾರೆ, ಮೇವಿಗೆ ಹೋಗುವ ಕುರಿಯನ್ನು ಎಣಿಸಿ ಬಿಡುತ್ತಾರೆ. ಆದ್ದರಿಂದ ನಾವು ಸಂಸಾರದ ಹಾಗೆ ಕಾಣಬಾರದು, ಹಿಂಡಿನ ಹಾಗೆ ಕಾಣಬೇಕು. ಕುರುಬ ಅಡವಿಗೆ ಒಯ್ಯದ ಒಂದೇ ಒಂದು ಸಾಮಾನೂ ನಮ್ಮ ಜೊತೆ ಬರಕೂಡದು. ಇದು ಅಪ್ಪ ಹಾಕಿದ ಕರಾರು.

ಅಲ್ಲಿಗೆ ಶುರುವಾಯಿತು ಜಗಳ. ತವರು ತವರಾಗಬೇಕಾದರೆ ಕಡಿಮೆಯೆಂದರೆ ಏನೇನು ಬೇಕು? ದಿನಾ ಹಿಟ್ಟು ನಾದುತ್ತಾ, ಕಾಳು ಹಸನು ಮಾಡುತ್ತಾ, ಕುರಿ ಉಣ್ಣೆ ಕತ್ತರಿಸುತ್ತಾ ಮೂವರೂ ಇದನ್ನೇ ವಾದಿಸಿದರು. ಆಯಿ ತಾಮ್ರದ ಹಂಡೆಗೆ ಪಟ್ಟು ಹಿಡಿದಳು. ಚೊಚ್ಚಲ ಬಿಟ್ಟು ಆಮೇಲಿನ ಮೂರು ಬಾಣಂತನದಲ್ಲಿ ಆ ಹಂಡೆಯಲ್ಲಿ ಕಾಸಿದ ನೀರನ್ನೇ ಅವಳು ಅವ್ವನಿಗೆ ಹಾಕಿದ್ದಳು. ಅವ್ವ ಹಡೆದ ನಾಲ್ವರಲ್ಲಿ ಉಳಿದವರು ನಾವಿಬ್ಬರು.

"ಹಂಡೆ ಹೊತ್ತು ಕುರಿ ಮೇಸಾಕ ಹೋಗೋ ಕುರುಬನ್ನ ಎಲ್ಲಿ ನೋಡಿದಿ, ಅವ್ವಾ?" ಅಂದ ಅಪ್ಪ.

"ನೀ ಹುಟ್ಟಿದಾಗ್ಲೂ ಅದೇ ಹಂಡೆ. ಅದಕ್ಕ ನಾಲಗಿ ಇಷ್ಟು ಬಿಸಿ ಅದ ನಿಂದು."

ಕೊನೆಗೆ ಹಂಡೆ ಉಳಿಯಿತು. ಆಚೆ ದೇಶದಲ್ಲಿಯೂ ಕುಂಬಾರರು ಇರುತ್ತಾರೆ, ಮಣ್ಣಿನ ಗಡಿಗೆ ಕೊಂಡರಾಯಿತು ಎಂದು ಅವ್ವ ರಾಜಿ ಮಾಡಿಸಿದಳು. ಬಾಣಂತಿಗೆ ಮಲಗಲು ಹೊರಸು ಬೇಕೇ ಬೇಕು, ಕೆಳಗೆ ಕೆಂಡ ಇಡಬೇಕಲ್ಲ. ಹೊರಸು ಹೊತ್ತು ಹೋಗುವ ಹಾಗಿಲ್ಲ. ಅಪ್ಪ ಒಂದು ಗಳಿಗೆ ಯೋಚಿಸಿ, ಹೊರಸಿನ ನುಲಿಯನ್ನೆಲ್ಲ ಬಿಚ್ಚಿ, ಆ ಹಗ್ಗದಿಂದಲೇ ಕಂಬಳಿಗಳ ಗಂಟು ಕಟ್ಟಿದ. ನಾಲ್ಕು ಕಾಲು, ನಾಲ್ಕು ಪಟ್ಟಿಯ ಕಟ್ಟಿಗೆ ಎಲ್ಲ ದೇಶದಲ್ಲೂ ಸಿಗುತ್ತದೆ ಅಂದ. ತನ್ನ ಜಾಣತನಕ್ಕೆ ತಾನೇ ಮೆಚ್ಚಿ ಮೀಸೆ ಸವರಿಕೊಂಡದ್ದು ನನಗಿನ್ನೂ ನೆನಪಿದೆ. ಆ ಹದಿನೈದು ದಿನ ನಮ್ಮ ಮನೆಯಲ್ಲಿ ಬೈಗುಳಕ್ಕೆ ಬರವಿರಲಿಲ್ಲ, ನಗುವಿಗೂ ಬರವಿರಲಿಲ್ಲ. ಅಷ್ಟು ಹುರುಪಿನ ಮನೆಯನ್ನು ನಾನು ಆಮೇಲೆ ನೋಡಿದ್ದು ಕಡಿಮೆ.

ಬೀಗರ ಊರಲ್ಲಿ ಹೋಗಿ ನೆಲೆಸುವುದೆಂದರೆ ಮರ್ಯಾದೆ ಕೆಟ್ಟಂತೆ. ಅದಕ್ಕೂ ಅವ್ವ ದಾರಿ ಹುಡುಕಿದ್ದಳು. ಬೀಗರ ಊರಿನ ಸೀಮೆಕಲ್ಲಿನ ಈಚೆಗೇ, ಬೇರೆ ಯಾರದೋ ಹೊಲದಲ್ಲಿ ಕುರಿ ತರುಬುವುದು. ಹಿಂಡು ಹೊಲದಲ್ಲಿ ಕೂತಷ್ಟು ದಿನ ಗೊಬ್ಬರ ಬೀಳುತ್ತದೆ, ಹೊಲದವರು ಅದಕ್ಕೆ ಜೋಳ ಕೊಡುತ್ತಾರೆ. "ನಮ್ಮ ಕುರಿ ದುಡದದ್ದು ನಮ್ಮ ಮಗಳು ಉಣ್ತಾಳ. ಬೀಗರದು ಒಂದ್ ಕಾಳು ಬ್ಯಾಡ," ಎಂದಳು.

ಹೊರಡುವ ಮುಂಚಿನ ವಾರ ಅವ್ವ ನನ್ನನ್ನು ಶಹಾಪುರದ ಸಂತೆಗೆ ಕರೆದೊಯ್ದಳು. ಬಾಣಂತಿಯ ಸಾಮಾನು ಕೊಳ್ಳಬೇಕಿತ್ತು. ಎಲ್ಲವನ್ನೂ ಒಂದೇ ಅಂಗಡಿಯಲ್ಲಿ ಕೊಂಡರೆ ಗುಟ್ಟು ಒಡೆಯುತ್ತದೆ ಎಂದು ಒಂದು ಕಡೆ ಒಣಶುಂಠಿ, ಇನ್ನೊಂದು ಕಡೆ ಅಂಟು, ಮತ್ತೊಂದು ಕಡೆ ಕೊಬ್ಬರಿ, ಅಜವಾನ, ಬೆಲ್ಲ ಹೀಗೆ ಸಂತೆಯನ್ನೆಲ್ಲ ಸುತ್ತಿದೆವು. ಆದರೂ ಬೆಲ್ಲದ ಅಂಗಡಿಯ ಮುದುಕ ನಮ್ಮ ಚೀಲದಿಂದ ಬಂದ ಶುಂಠಿಯ ವಾಸನೆ ಹಿಡಿದು, "ಮಗಳು ಬರಾಕತ್ತಾಳೇನವ್ವ?" ಎಂದು ಕೇಳಿದ. ಅವ್ವ ತಲೆ ಎತ್ತದೆ, "ಹೌದ್ರಿ, ಬರಾಕತ್ತಾಳ," ಅಂದಳು. ಅವಳ ಕಿವಿ ಕೆಂಪಾಯಿತು. ಅದು ಪೂರ್ತಿ ಸುಳ್ಳಲ್ಲ ಎಂದು ದಾರಿಯುದ್ದಕ್ಕೂ ನನಗೆ ವಿವರಿಸಿದಳು, ನಾನೇನೂ ಕೇಳಿರಲಿಲ್ಲ.

ವಾಪಸು ಬರುವಾಗ ಬಟ್ಟೆಯವನ ಮುಂದೆ ಅವಳ ಕಾಲು ನಿಂತಿತು. ಗೇಣಗಲದ ಕೆಂಪು ಮಖಮಲ್ಲಿನ ತುಂಡು ಒಂದಿತ್ತು. ಅವ್ವ ಅದನ್ನು ಮುಟ್ಟಿದಳು, ಬಿಟ್ಟಳು, ಹತ್ತು ಹೆಜ್ಜೆ ಮುಂದೆ ಹೋದಳು, ತಿರುಗಿ ಬಂದು ಕೊಂಡಳು. ಕೂಸಿನ ತಲೆಗೆ ಕುಲಾಯಿ ಹೊಲಿಯಲು.

"ಆಯಿಗಿ ಹೇಳಬ್ಯಾಡ," ಅಂದಳು.

ಕೂಸು ಹುಟ್ಟುವ ಮೊದಲು ಕುಲಾಯಿ ಹೊಲಿಯಬಾರದು. ಅದು ಗಾದೆಯಷ್ಟೇ ಅಲ್ಲ, ನಮ್ಮ ಆಯಿಗೆ ಅದು ದೈವದ ಮಾತು. ಅವ್ವನ ಎರಡು ಕೂಸು ಹೋದದ್ದಕ್ಕೆ ಮೊದಲೇ ಹೊಲಿದಿಟ್ಟ ಬಟ್ಟೆಗಳೇ ಕಾರಣವೆಂದು ಅವಳು ನಂಬಿದ್ದಳು. ಅದು ಅವ್ವನಿಗೂ ಗೊತ್ತು. ಆದರೆ ಎರಡು ವರ್ಷ ಕಾಣದ ಮಗಳಿಗಾಗಿ ಏನಾದರೂ ಒಂದು ಕೈಯಾರೆ ಹೊಲಿಯದೆ ಅವಳಿಗೆ ಇರಲಾಗಲಿಲ್ಲ. ಕುರಿಗಳ ಕೆಚ್ಚಲು ನೋಡುವ ನೆಪದಲ್ಲಿ ಹಟ್ಟಿಯ ಹಿಂದೆ ಕೂತು ಹೊಲಿಯುತ್ತಿದ್ದಳು, ನಾನು ಕಾವಲು. ಒಮ್ಮೆ ಅಪ್ಪ ಕಂಡು, "ಕೂಸು ಹುಟ್ಟೂಕಿಂತ ಮೊದಲ ಕುಲಾಯಿ ಅಂತಾರಲ್ಲ, ಕಣ್ಣೀಲೇ ನೋಡಿದಂಗಾತು," ಎಂದು ನಕ್ಕ. ಅವ್ವ ಸೂಜಿ ತೋರಿಸಿ ಹೆದರಿಸಿದಳು. ಕುಲಾಯಿಗೆ ಎರಡು ಹಳದಿ ದಾರ, ಗದ್ದದ ಕೆಳಗೆ ಕಟ್ಟಲು. ಅಷ್ಟು ಚಂದದ ವಸ್ತು ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಇರಲಿಲ್ಲ.

ಶ್ರಾವಣದ ಎರಡನೆಯ ವಾರ ಹೊರಟೆವು. ಹೊಲವನ್ನು ಪಕ್ಕದ ಮನೆಯವರಿಗೆ ಪಾಲಿಗೆ ಕೊಟ್ಟಾಗಿತ್ತು. ಕುರಿಯ ಕಾಲು ಕೊಳೆಯುತ್ತಿವೆ, ಮಡ್ಡಿಗೆ ಹೋಗುತ್ತೇವೆ ಎಂದು ಹೇಳಿದ್ದೆವು. ಪಕ್ಕದ ಮನೆಯ ದೊಡ್ಡವ್ವ ಅವ್ವನ ಕೈಯಿಂದ ಬೀಗದ ಕೈ ಇಸಿದುಕೊಂಡು, ಏನೂ ಕೇಳದೆ ಒಂದು ಬಟ್ಟಲು ತುಪ್ಪ ತಂದುಕೊಟ್ಟಳು. ಕುರಿ ಮೇಸಲು ಹೋಗುವವರಿಗೆ ಯಾರೂ ತುಪ್ಪ ಕೊಡುವುದಿಲ್ಲ. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಅವ್ವ ಆಮೇಲೆ ಅತ್ತಳು. ನಾನು ಅಳಲಿಲ್ಲ. ನನಗೆ ಅಳಲು ಪುರಸೊತ್ತಿರಲಿಲ್ಲ, ಎಲ್ಲರಿಗಿಂತ ಮುಂದೆ ಓಡುತ್ತಿದ್ದೆ.

ಐದು ದಿನದ ದಾರಿ. ಸುರಪುರದ ಗುಡ್ಡಗಳನ್ನು ಬಲಕ್ಕೆ ಬಿಟ್ಟು ನಡೆದೆವು. ಜಿಟಿಜಿಟಿ ಮಳೆ, ಕಂಬಳಿಯ ಕೊಪ್ಪೆ, ಕೊಪ್ಪೆಯೊಳಗೆ ಹಸಿ ಉಣ್ಣೆಯ ವಾಸನೆ. ದಾರಿಯಲ್ಲೇ ಎರಡು ಕುರಿ ಈದವು. ನಡೆಯಲಾಗದ ಎಳೆಮರಿಗಳನ್ನು ಹಾಕಲು ತಟ್ಟಿನ ಎರಡೂ ಬದಿಗೆ ಕಂಬಳಿಯ ಜೋಳಿಗೆ ಇರುತ್ತದೆ. ಎಲ್ಲ ಕುರುಬರ ಹತ್ತಿರವೂ ಇರುವ ಸಾಮಾನು ಅದು. ಅವ್ವ ಶುಂಠಿ, ಕೊಬ್ಬರಿ, ಬೆಲ್ಲದ ಗಂಟನ್ನು ಜೋಳಿಗೆಯ ತಳದಲ್ಲಿಟ್ಟು ಮೇಲೆ ಮರಿಗಳನ್ನು ಕೂರಿಸಿದ್ದಳು. ಇದು ಅಪ್ಪನಿಗೂ ಆಯಿಗೂ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಕುಲಾಯಿಯನ್ನು ತನ್ನ ಉಡಿಯಲ್ಲಿ ಇಟ್ಟುಕೊಂಡರೆ ಆಯಿ ಎಲ್ಲಿ ನೋಡುತ್ತಾಳೋ ಎಂದು ಅದನ್ನೂ ಆ ಗಂಟಿನ ಮೇಲೆ ತುರುಕಿದ್ದಳು. ಒಟ್ಟಿನಲ್ಲಿ ನಮ್ಮವ್ವ ನಾಕಾದವರಿಗೆ ಹೆದರಿದ್ದಕ್ಕಿಂತ ಹೆಚ್ಚು ಅತ್ತೆಗೆ ಹೆದರಿದ್ದಳು. ಎಡವಿದ್ದು ಅಲ್ಲಿಯೇ.

ಐದನೆಯ ದಿನ ಮಧ್ಯಾಹ್ನ ಕರೋಡಗಿರಿಯ, ಅಂದರೆ ಸುಂಕದ ನಾಕಾ ಬಂತು. ಒಂದು ತಗಡಿನ ಚಪ್ಪರ, ದಾರಿಗೆ ಅಡ್ಡ ಕಟ್ಟಿದ ಬೊಂಬು, ಅದರಾಚೆ ಇಳಿಜಾರು, ಇಳಿಜಾರಿನ ಕೆಳಗೆ ಹಳ್ಳ. ಹಳ್ಳದಾಚೆ ಬೇರೆ ದೇಶ. ನಾನು ಬೆರಳ ತುದಿಯ ಮೇಲೆ ನಿಂತು ನೋಡಿದೆ. ಅಲ್ಲಿಯೂ ಜಾಲಿ ಗಿಡಗಳೇ ಇದ್ದವು.

ಚಪ್ಪರದ ಕೆಳಗೆ ಬಾಜಿನ, ಅಂದರೆ ಹಗ್ಗದ ಮಂಚದ ಮೇಲೆ ಒಬ್ಬ ಜಮಾದಾರ ಕೂತಿದ್ದ. ಬಿಳಿ ಗಡ್ಡ, ದಪ್ಪ ಕನ್ನಡಕ. ಅಪ್ಪ ಕೈ ಮುಗಿದು, ಐದು ದಿನ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ: ಕುರಿಯ ಕಾಲು ಕೊಳೆಯುತ್ತಿವೆ, ಮಡ್ಡಿಗೆ ಮೇವಿಗೆ ಹೊರಟಿದ್ದೇವೆ, ದಸರಾಕ್ಕೆ ಮೊದಲೇ ಬರುತ್ತೇವೆ. ಜಮಾದಾರ ಕುರಿ ಎಣಿಸಿದ. ಎರಡು ಸಲ ಎಣಿಸಿದ, ಎರಡು ಸಲವೂ ಬೇರೆ ಬೇರೆ ಲೆಕ್ಕ ಬಂತು, ಬಿಟ್ಟುಬಿಟ್ಟ. ಗಂಟು ಬಿಚ್ಚಿಸಿ ಕಂಬಳಿ ಕೊಡವಿಸಿದ. ಏನೂ ಇಲ್ಲ. ಬೊಂಬು ಎತ್ತಲು ಹೋದವನು ತಟ್ಟಿನ ಪಕ್ಕ ನಿಂತು ಜೋಳಿಗೆ ನೋಡಿದ.

ಒಂದು ಕರಿ ಮರಿ ತಲೆ ಹೊರಗೆ ಹಾಕಿ ಏನನ್ನೋ ಅಗಿಯುತ್ತಿತ್ತು. ಬಾಯಿಂದ ಹಳದಿ ದಾರ ಜೋತಾಡುತ್ತಿತ್ತು.

ಜಮಾದಾರ ದಾರ ಹಿಡಿದು ಎಳೆದ. ಮರಿ ಬಿಡಲಿಲ್ಲ. ಅವನೂ ಬಿಡಲಿಲ್ಲ. ಕೊನೆಗೆ ಮರಿಯ ಎಂಜಲಿನಲ್ಲಿ ತೊಯ್ದ ಕೆಂಪು ಮಖಮಲ್ಲಿನ ಕುಲಾಯಿ ಹೊರಬಂತು. ಅದರ ಹಿಂದೆಯೇ ಅವನ ಕೈ ಜೋಳಿಗೆಯ ತಳಕ್ಕೆ ಹೋಯಿತು. ಶುಂಠಿ ಬಂತು, ಕೊಬ್ಬರಿ ಬಂತು, ಅಂಟು ಬಂತು, ತುಪ್ಪದ ಬಟ್ಟಲು ಬಂತು. ಎಲ್ಲವನ್ನೂ ತನ್ನ ಬಾಜಿನ ಮೇಲೆ ಸಾಲಾಗಿ ಇಟ್ಟ. ಆಯಿ ಕುಲಾಯಿಯನ್ನು ನೋಡಿದಳು, ಆಮೇಲೆ ಅವ್ವನನ್ನು ನೋಡಿದಳು. ಅವ್ವ ನೆಲ ನೋಡಿದಳು.

"ಅರೆ, ಯೇ ಕ್ಯಾ ಹೈ," ಅಂದ ಜಮಾದಾರ. "ಕುರಿ ಮೇವಿಗಿ ಹೊಂಟೀರಿ. ಕುರಿ ಕೊಬ್ಬರಿ ತಿಂತಾವೇನು? ಇದು ಬಾಣಂತಿ ಸಾಮಾನು. ಬಾಣಂತಿ ಯಾರು ನಿಮ್ಮಾಗ?"

ಅವನು ಅವ್ವನ ಹೊಟ್ಟೆ ನೋಡಿದ, ಅದು ಬೆನ್ನಿಗೆ ಹತ್ತಿತ್ತು. ನನ್ನನ್ನು ನೋಡಿದ, ನಾನು ಹನ್ನೊಂದು ವರ್ಷದ ಕಡ್ಡಿ. ಆಗ ಆಯಿ ಕೋಲು ಊರಿಕೊಂಡು ಮುಂದೆ ಬಂದಳು. ಅವಳಿಗೆ ಎಪ್ಪತ್ತರ ಹತ್ತಿರ. ಬಾಯಲ್ಲಿ ಮೂರು ಹಲ್ಲಿದ್ದವು.

"ನಾನಽರಿ ಸಾಹೇಬ್ರ," ಅಂದಳು.

ಜಮಾದಾರ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ನೀನಾ?"

"ಹೌದ್ರಿ. ಈ ಕುಲಾಯಿನೂ ನಾನೇ ಹೊಲದೀನಿ. ಕೂಸು ಹುಟ್ಟೂಕಿಂತ ಮೊದಲ ಹೊಲೀಬಾರದು ಅಂತಾರ, ಖರೆ. ನನಗ ತಡಕೊಳ್ಳಾಕ ಆಗಲಿಲ್ಲ."

ಜಮಾದಾರನಿಗೆ ನಗು ಬಂತು. ಮೊದಲು ಗಡ್ಡ ಅಲುಗಿತು, ಆಮೇಲೆ ಹೊಟ್ಟೆ, ಆಮೇಲೆ ಬಾಜಿನ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕ. ಅವ್ವ ಮಾತ್ರ ನಗಲಿಲ್ಲ. ಅತ್ತೆಯ ಸೆರಗಿನ ತುದಿ ಹಿಡಿದು ಅಳುತ್ತಾ, ಹಳ್ಳದಾಚೆಗಿನ ಮಗಳ ಸಂಗತಿಯನ್ನೆಲ್ಲ ಹೇಳಿಬಿಟ್ಟಳು: ಒಂಬತ್ತರಲ್ಲಿ ಬಿದ್ದಿದೆ, ಚೊಚ್ಚಲು, ಅವಳು ಬರುವಂತಿಲ್ಲ, ಅದಕ್ಕೆ ನಾವೇ ಹೊರಟೆವು. ಅಪ್ಪ ಅವಳನ್ನು ತಡೆಯಲು ಕೈ ಎತ್ತಿದ. ಹೊತ್ತು ಮೀರಿತ್ತು.

ಜಮಾದಾರ ಎಲ್ಲ ಕೇಳಿಸಿಕೊಂಡ. ಗಂಟಿನಿಂದ ಒಂದು ಚೂರು ಬೆಲ್ಲ ಮುರಿದು ಬಾಯಿಗೆ ಹಾಕಿಕೊಂಡು, ಅಪ್ಪನಿಗೆ ಅಂದ: "ಮಗಳ ಬಾಣಂತನಕ್ಕ ಹೊಂಟೀವಿ ಅಂತ ಮೊದಲೇ ಹೇಳಬಾರದೇನಪ್ಪ? ಕುರಿ ಕಾಲು, ಮಡ್ಡಿ, ದಸರಾ, ಏನೇನ್ ಕಥಿ ಹೇಳಿದಿ. ಕಟ್ಕೋರಿ, ಜಲ್ದಿ. ಸಂಜಿಗಿ ಬ್ಯಾರೆ ಮಂದಿ ಪಾಳಿಗಿ ಬರ್ತಾರ." ಕುಲಾಯಿಯನ್ನು ಹಿಂಡಿ ನೀರು ತೆಗೆದು ಆಯಿಯ ಕೈಗೆ ಕೊಟ್ಟ. ಎಲ್ಲ ನಾಕಾಗಳಲ್ಲಿ, ಎಲ್ಲ ಪಾಳಿಗಳಲ್ಲಿ ಅಂಥವರು ಇರಲಿಲ್ಲ. ನಮ್ಮ ಹಿಂದೆ ಎರಡು ದಿನಕ್ಕೆ ಬಂದ ಒಂದು ಸಂಸಾರ ಅಲ್ಲಿಂದ ಬರಿಗೈಯಲ್ಲಿ ಹಿಂದಿರುಗಿತೆಂದು ಆಮೇಲೆ ಕೇಳಿದೆವು. ನಮ್ಮ ಪುಣ್ಯ, ನಾವು ಆ ಮಧ್ಯಾಹ್ನ ಬಂದಿದ್ದೆವು.

ಹಳ್ಳದಲ್ಲಿ ಮೊಣಕಾಲುದ್ದ ನೀರು. ಮುಂದಿನ ಟಗರು ಇಳಿಯಿತು, ಹಿಂಡು ಹಿಂದೆ ಬಿತ್ತು. ನೀರಿನ ನಡುವೆ ನಿಂತು ಆಯಿ ಅವ್ವನಿಗೆ ಕುಲಾಯಿ ಕೊಟ್ಟಳು. ಬೈಯುತ್ತಾಳೆಂದು ನಾನು ಕಿವಿ ನಿಮಿರಿಸಿಕೊಂಡು ಪಕ್ಕಕ್ಕೇ ಹೋದೆ. "ಹೊಲಿಗಿ ಚೊಲೊ ಹಾಕೀದಿ. ದಾರ ಒಂದ್ ಬದಲಿ ಮಾಡು," ಅಂದಳು, ಅಷ್ಟೆ. ನಾನು ಓಡಿ ಎಲ್ಲರಿಗಿಂತ ಮೊದಲು ಆಚೆ ದಡ ಮುಟ್ಟಿ ಇಂಡಿಯಾದ ಮಣ್ಣು ತುಳಿದೆ. ಅದೂ ಕೆಸರೇ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು, "ಯಾವೂರವ ತಂಗಿ?" ಎಂದು ನಮ್ಮೂರ ಹೆಂಗಸರ ಹಾಗೇ ಕೇಳಿದಳು. ಸ್ವಲ್ಪ ನಿರಾಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅಕ್ಕನ ಊರು ಇನ್ನೂ ಒಂದು ಹರದಾರಿ ಇರುವಾಗಲೇ, ಸೀಮೆಕಲ್ಲಿನ ಈಚೆ, ಒಬ್ಬ ಗೌಡರ ಹೊಲದಲ್ಲಿ ಹಿಂಡು ತರುಬಿದೆವು. ಎರಡು ದಿನದಲ್ಲಿ ತವರು ಎದ್ದಿತು. ಜಾಲಿ ಗೂಟ ನೆಟ್ಟು, ಮೇಲೆ ಜೋಳದ ದಂಟು, ಅದರ ಮೇಲೆ ಕಂಬಳಿ. ಹೊಸ ಕಟ್ಟಿಗೆಗೆ ಹಳೇ ನುಲಿ ಬಿಗಿದು ಅಪ್ಪ ಹೊರಸು ಮಾಡಿದ. ಅವ್ವ ನೆಲ ಸಾರಿಸಿದಳು, ಆಯಿ ಕುಂಬಾರನ ಹತ್ತಿರ ಜಗಳ ಮಾಡಿ ದೊಡ್ಡ ಗಡಿಗೆ ತಂದಳು. ಮೂರನೆಯ ದಿನ ಅಪ್ಪ ತೊಳೆದ ರುಮಾಲು ಸುತ್ತಿ ಬೀಗರ ಮನೆಗೆ ಹೋದ. ಅಲ್ಲಿ ನಡೆದದ್ದನ್ನು ಅವನು ಸಾಯುವವರೆಗೆ ಹೇಳಿ ನಗುತ್ತಿದ್ದ. ಮಗಳನ್ನು ಬಾಣಂತನಕ್ಕೆ ಕರೆದುಕೊಂಡು ಹೋಗಲು ಬಂದಿದ್ದೇನೆ ಅಂದನಂತೆ. ಬೀಗರು ಗಾಬರಿಯಾಗಿ, "ಈ ಗದ್ದಲದಾಗ ಅಷ್ಟು ದೂರ ಎಲ್ಲಿಗಿ ಒಯ್ತೀರಿ?" ಅಂದರು. "ತವರಿಗಿ," ಅಂದ ಅಪ್ಪ. "ನಿಮ್ಮ ಹತ್ತಿ ಹೊಲದ ಆಕಡಿ ಅದ, ಬರ್ರಿ ತೋರಸ್ತೀನಿ."

ಕೂಸು ಅಲ್ಲಿಗೆ ಇಪ್ಪತ್ತನೆಯ ದಿನ ಹುಟ್ಟಿತು, ಹೆಣ್ಣು ಕೂಸು, ಕುಲಾಯಿಗೆ ತಲೆ ಸ್ವಲ್ಪ ದೊಡ್ಡದೇ ಆಯಿತು. ಅದಾಗಿ ಕೆಲವು ದಿನಕ್ಕೆ ಇಂಡಿಯಾದ ಫೌಜು ಹೈದರಾಬಾದಿಗೆ ಹೋಯಿತು, ಬೊಂಬು ಬಿತ್ತು, ಎರಡು ದೇಶ ಒಂದಾದವು. ಈಗ ಲೆಕ್ಕ ಹಾಕಿ ನೋಡಲಿ, ತಿಂಗಳು ಕಾಯಬೇಕಿತ್ತು ಅನ್ನುವವರು. ಆದರೆ ನಾನು ಹೇಳಬೇಕೆಂದಿದ್ದದ್ದು ಅದನ್ನಲ್ಲ, ಅಕ್ಕ ಬಂದ ದಿನದ ಸಂಗತಿಯನ್ನು.

ಬೆಳಿಗ್ಗೆ ಹತ್ತರ ಹೊತ್ತಿಗೆ ಬೀಗರ ಗಾಡಿ ಬಂತು. ಅಕ್ಕ ಇಳಿದಳು. ದಪ್ಪಗಾಗಿದ್ದಳು, ಮುಖ ಮಾತ್ರ ಸಣ್ಣಗಾಗಿತ್ತು. ನನಗೆ ಹೇಳಲು ಅಷ್ಟೊಂದಿತ್ತು: ನಾಕಾ, ಜಮಾದಾರ, ಮರಿ, ಆಯಿ ಬಾಣಂತಿಯಾದದ್ದು. ಯಾವುದನ್ನು ಮೊದಲು ಹೇಳಬೇಕೆಂದು ಹಿಂದಿನ ದಿನವೆಲ್ಲ ಕ್ರಮ ಹಾಕಿಕೊಂಡಿದ್ದೆ. ಅವ್ವ ಅವಳ ಕಾಲಿಗೆ ನೀರು ಹಾಕಿ, ರೊಟ್ಟಿಯ ತುಂಡಿನಿಂದ ದೃಷ್ಟಿ ತೆಗೆದಳು. ಅಕ್ಕ ಗುಡಿಸಲನ್ನು ನೋಡಿದಳು, ಹಿಂಡನ್ನು ನೋಡಿದಳು, ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು. ಒಳಗೆ ಬಂದು ಅವ್ವ ಕೊಟ್ಟ ನುಚ್ಚು ಮಜ್ಜಿಗೆ ಉಂಡಳು. "ಸ್ವಲ್ಪ ಅಡ್ಡಾಗ್ಲೇನವ್ವ?" ಎಂದು ಕೇಳಿದಳು, ಉತ್ತರ ಬರುವ ಮೊದಲೇ ಹೊರಸಿನ ಮೇಲೆ ಮಲಗಿ ನಿದ್ದೆಹೋದಳು.

ನಾನು ಕಾದೆ. ಮಧ್ಯಾಹ್ನವಾಯಿತು. ಅವಳ ಕೈ ಅಲುಗಾಡಿಸಲು ಹೋದರೆ ಅವ್ವ ನನ್ನ ರಟ್ಟೆ ಹಿಡಿದು ಹೊರಗೆ ಎಳೆದು ತಂದಳು.

"ಅತ್ತಿಮನ್ಯಾಗ ಹಗಲಿ ಮಲಗಾಕ ಬರಂಗಿಲ್ಲವ್ವ," ಎಂದು ಪಿಸುಗುಟ್ಟಿದಳು. "ಎರಡು ವರ್ಷದ ನಿದ್ದಿ ಅದು. ಮಲಕೊಳ್ಳಲಿ ಬಿಡು."

ಅಪ್ಪ ಸದ್ದಾಗಬಾರದೆಂದು ಹಿಂಡನ್ನು ದೂರದ ಗುಡ್ಡಕ್ಕೆ ಹೊಡೆದುಕೊಂಡು ಹೋದ. ಆಯಿ ಬಾಗಿಲಲ್ಲಿ ಕೂತು ನೊಣ ಹೊಡೆದಳು. ನಾನು ಹೊರಗೆ ಕೂತು, ಹೇಳಬೇಕಾದದ್ದನ್ನೆಲ್ಲ ನುಂಗಿಕೊಂಡು, ಅವಳ ಉಸಿರು ಕೇಳುತ್ತಿದ್ದೆ. ಹೊತ್ತು ಇಳಿಯಿತು, ಅಪ್ಪ ಹಿಂಡು ತಂದು ಕೂಡಿಸಿದ. ಮರಿಗಳು ತಾಯಂದಿರನ್ನು ಹುಡುಕಿ ಕೂಗತೊಡಗಿದವು. ಆ ಸದ್ದಿಗೆ ಅಕ್ಕ ಮಗ್ಗುಲು ತಿರುಗಿದಳು. ಕಣ್ಣು ತೆರೆಯಲಿಲ್ಲ. ಮದುವೆಗೆ ಮುಂಚೆ ನಮ್ಮೂರ ಮನೆಯಲ್ಲಿ ಸಂಜೆ ನಿದ್ದೆಗಣ್ಣಲ್ಲಿ ಕೇಳುತ್ತಿದ್ದ ದನಿಯಲ್ಲಿಯೇ ಕೇಳಿದಳು:

"ಅವ್ವಾ, ಕುರಿ ಬಂದವ?"

ಅವ್ವ ಅವಳ ಮೇಲೆ ಕಂಬಳಿ ಎಳೆದಳು.

"ಬಂದಾವವ್ವ," ಅಂದಳು. "ಎಲ್ಲಾ ಮನಿಗಿ ಬಂದಾವ. ನೀ ಮಲಕೋ."